ದೇಶವೇ ಕೋಶ: ಶಾಲಾಪ್ರವಾಸದಲ್ಲಿ ದೇಗುಲದರ್ಶನ

‘ಕೋಶ ಓದು, ದೇಶ ಸುತ್ತು’ ಎಂಬುದು ನಮ್ಮ ಹಿರಿಯರ ನಾಣ್ನುಡಿ. ಇವೆರಡನ್ನೂ ಬೇರೆ ಬೇರೆ ಕಾರ್ಯಗಳೆಂದು ಭಾವಿಸಿ, ಓದುವವನು ಮನೆಯಲ್ಲಿಯೇ ಕುಳಿತು ಓದುವುದೂ, ಸುತ್ತುವವನು ಏನನ್ನೂ ಓದದೆಯೇ ಸುತ್ತುವುದೂ ಲೋಕರೂಢಿಯಾಗಿದೆ. ಆದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಹರಿಯುವ ನಮ್ಮ ಈ ನೆಲದ ಮಟ್ಟಿಗೆ ಅಂತಹ ಭೇದವು ಸಲ್ಲದು. ಇಲ್ಲಿ ದೇಶವೇ ಕೋಶವಾಗಿದೆ. ಬಂಡೆಯ ಮೇಲೆ ಕಾವ್ಯವಿದೆ, ಗುಡಿಯ ಗೋಡೆಯ ಮೇಲೆ ಶಿಲ್ಪಿಯ ಹೆಸರಿದೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನಲ್ಲಿ ಒಂದು ಊರಿನ ಕಣ್ಣೀರಿದೆ. ಓದಬಲ್ಲವನು ಇಲ್ಲಿ ಸುತ್ತಿದರೆ ಒಂದು ಗ್ರಂಥಭಂಡಾರವನ್ನೇ ಹೊಕ್ಕು ಬಂದಂತಾಗುತ್ತದೆ. ಓದಲಾರದವನಿಗೆ ದಕ್ಕುವುದು ಕಾಲುನೋವು ಮಾತ್ರ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶಾಲೆಗಳಿಂದ ವರ್ಷಂಪ್ರತಿ ಮಕ್ಕಳ ಪ್ರವಾಸಗಳು ಹೊರಡುತ್ತವೆ. ರಾತ್ರಿಯಿಡೀ ವಾಹನದಲ್ಲಿ ತೂಕಡಿಸಿ, ಹಗಲಿನಲ್ಲಿ ಹತ್ತಾರು ಸ್ಥಳಗಳನ್ನು ಅವಸರದಿಂದ ಮುಟ್ಟಿ, ದೇವರಿಗೆ ಕೈಮುಗಿದು, ಭಾವಚಿತ್ರ ತೆಗೆಸಿಕೊಂಡು ಮಕ್ಕಳು ಮರಳುತ್ತಾರೆ. ಸಂತೋಷಕ್ಕೇನೂ ಕೊರತೆಯಿಲ್ಲ, ಸಹವಾಸದಿಂದ ಬರುವ ಲಾಭವೂ ಉಂಟು. ಆದರೆ ನೋಡಿದ್ದೇನು ಎಂದು ಕೇಳಿದರೆ ‘ಗುಡಿ ನೋಡಿದೆವು’ ಎಂಬ ಉತ್ತರಕ್ಕಿಂತ ಮುಂದಿನ ಮಾತು ಅವರಿಂದ ಬರುವುದು ವಿರಳ. ಗುಡಿಯನ್ನು ನೋಡುವುದೂ ಒಂದು ವಿದ್ಯೆ. ಅದಕ್ಕೂ ಅಕ್ಷರಾಭ್ಯಾಸ ಬೇಕು. ಆ ಅಭ್ಯಾಸವನ್ನು ಹೇಗೆ ಮಾಡಿಸಬಹುದೆಂಬುದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ನಿವೇದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶರಣರ ಮಕ್ಕಳಿಗೆ ದೇಗುಲವೇಕೆ?

ಮೊದಲಿಗೆ ಒಂದು ಸಂದೇಹವನ್ನು ಪರಿಹರಿಸಿಕೊಳ್ಳುವುದು ಒಳ್ಳೆಯದು. ಶ್ರೀಮಠದ ಆಶ್ರಯದಲ್ಲಿ ಕಲಿಯುವ ಮಕ್ಕಳು ಇಷ್ಟಲಿಂಗದ ಸಂಸ್ಕಾರವುಳ್ಳವರು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿ, ಮನುಷ್ಯನ ಕಾಯವನ್ನೇ ದೇಗುಲವೆಂದು ಕಂಡವರು ನಮ್ಮ ಶರಣರು. ಅಂತಹವರ ಮಕ್ಕಳನ್ನು ಗುಡಿಯಿಂದ ಗುಡಿಗೆ ಕರೆದೊಯ್ಯುವುದು ಎಷ್ಟು ಸಮಂಜಸ ಎಂದು ಕೆಲವು ಹಿರಿಯರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದು, ಅದಕ್ಕೆ ಉತ್ತರವೂ ಯೋಗ್ಯವಾಗಿಯೇ ಇರಬೇಕು.

ವರ ಬೇಡಲು ಹೋಗುವುದು ಬೇರೆ, ಅರಿಯಲು ಹೋಗುವುದು ಬೇರೆ. ನಾವು ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಬಸವಣ್ಣನವರ ಚರಿತ್ರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅವರ ಜೀವನವನ್ನು ನಾವು ಬಹುಮಟ್ಟಿಗೆ ಪುರಾಣಗಳಿಂದಲೂ ರಗಳೆಗಳಿಂದಲೂ ತಿಳಿಯುತ್ತೇವೆ. ಚರಿತ್ರಕಾರನಾದರೋ ಶಾಸನದ ಸಾಕ್ಷಿಯನ್ನು ಕೇಳುತ್ತಾನೆ. ಆ ಸಾಕ್ಷಿಯನ್ನು ನುಡಿದದ್ದು ನಮಗೆ ದೂರವಲ್ಲದ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಿಲೆ. ಸೇವುಣ ಅರಸ ಕನ್ನರನ ಆಳಿಕೆಯಲ್ಲಿ, ಕ್ರಿ.ಶ. ೧೨೬೦ರಲ್ಲಿ ಹುಟ್ಟಿದ ಆ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯನ್ನೂ, ಮಾದಿರಾಜನ ಮಗನಾದ ಬಸವರಾಜನನ್ನೂ ಹೆಸರಿಸುತ್ತದೆ. ಬಸವಣ್ಣನವರ ಕಾಲದಿಂದ ಸುಮಾರು ನೂರು ವರ್ಷಗಳೊಳಗೆ ಕಡೆದ ಕಲ್ಲದು. ಆ ಕಲ್ಲನ್ನು ಯಾರಾದರೂ ಒಡೆದು ಮನೆಯ ಮೆಟ್ಟಿಲಿಗೆ ಹಾಕಿಕೊಂಡಿದ್ದರೆ ನಮ್ಮ ಕೈಯಲ್ಲಿ ಉಳಿಯುತ್ತಿದ್ದುದೇನು? ಸ್ಥಾವರವನ್ನು ಮೀರಿ ನಡೆದ ಮಹಾಪುರುಷನ ಹೆಸರನ್ನು ಕಾಪಾಡಿಕೊಂಡು ಬಂದದ್ದು ಒಂದು ಸ್ಥಾವರವೇ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಮಾತು. ಡಾ. ಫ.ಗು. ಹಳಕಟ್ಟಿಯವರು ಮನೆಮನೆಯ ತಾಡವಾಲೆಗಳನ್ನು ಅರಸಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅವರು ಓಲೆಗಳಿಗೆ ತೋರಿದ ಆಸ್ಥೆಯನ್ನೇ ನಾವು ಕಲ್ಲುಗಳಿಗೆ ತೋರಬೇಕಾಗಿದೆ. ಓಲೆಗೆ ಗೆದ್ದಲು ಶತ್ರುವಾದರೆ ಕಲ್ಲಿಗೆ ನಮ್ಮ ಅಲಕ್ಷ್ಯವೇ ಶತ್ರು.

ಮನೆಯಂಗಳದ ಪಾಠ

ಪ್ರವಾಸವೆಂದರೆ ದೂರ ಹೋಗುವುದೆಂಬ ಭ್ರಮೆಯನ್ನು ಮೊದಲು ಬಿಡಬೇಕು. ಮಗುವಿಗೆ ಮೊದಲು ತೋರಿಸಬೇಕಾದುದು ಅದರ ಮನೆಯಂಗಳ.

ಮುಧೋಳವನ್ನೇ ನೋಡೋಣ. ಅದು ಹಳಗನ್ನಡದ ಮುದುವೊಳಲು, ಕವಿಚಕ್ರವರ್ತಿ ರನ್ನನ ಊರು. ಕ್ರಿ.ಶ. ೯೪೯ರಲ್ಲಿ ಬಳೆಗಾರ ಮನೆತನದಲ್ಲಿ ಜನಿಸಿದ ಈ ಹುಡುಗನು ವಿದ್ಯೆಯನ್ನರಸಿ ಗಂಗರ ನಾಡಿನವರೆಗೆ ನಡೆದನು. ಅಜಿತಸೇನಾಚಾರ್ಯರನ್ನು ಗುರುವಾಗಿ ಪಡೆದನು. ಚಾಲುಕ್ಯ ಚಕ್ರವರ್ತಿಯ ಆಸ್ಥಾನದಲ್ಲಿ ಮಾನ್ಯನಾದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದಿರುವುದು ಇಂದಿಗೂ ಕಾಣುತ್ತದೆ. ಅದು ಅವನದೇ ಎಂದು ವಿದ್ವಾಂಸರ ಅಭಿಪ್ರಾಯ. ಅವನ ‘ಅಜಿತಪುರಾಣ’ವು ಕ್ರಿ.ಶ. ೯೯೩ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಪೂರ್ಣಗೊಂಡಿತು. ಅದೇ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಕ್ರಿ.ಶ. ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಗದಾಯುದ್ಧದ ಪದ್ಯವನ್ನು ಕಂಠಪಾಠ ಮಾಡಿದ ಮುಧೋಳದ ಮಗುವು ಲಕ್ಕುಂಡಿಯ ಆ ಬಸದಿಯ ಮುಂದೆ ನಿಂತಾಗ, ಪಠ್ಯಪುಸ್ತಕದ ಹೆಸರುಗಳಿಗೆ ಜೀವ ಬರುತ್ತದೆ. ತನ್ನೂರಿನ ಕವಿಗೆ ಅನ್ನವಿಟ್ಟ ತಾಯಿ ಕಟ್ಟಿಸಿದ ಮನೆಯಿದು ಎಂಬ ಭಾವ ಮೂಡಿದರೆ ಪ್ರವಾಸದ ವೆಚ್ಚ ಸಾರ್ಥಕವಾಯಿತು.

ರಬಕವಿ-ಬನಹಟ್ಟಿಯಿಂದ ಕೂಗಳತೆಯಲ್ಲಿಯೇ ಎನ್ನಬಹುದಾದ ತೇರದಾಳದಲ್ಲಿ ನೇಮಿನಾಥ ಬಸದಿಯಿದೆ. ಶಕ ೧೦೪೫, ಎಂದರೆ ಕ್ರಿ.ಶ. ೧೧೨೩ರ ಸುಮಾರಿನ ಅಲ್ಲಿಯ ಶಾಸನವು, ಮಂಡಲಿಕ ಗೊಂಕನೆಂಬ ನಾಯಕನು ಜಿನಾಲಯವನ್ನು ಕಟ್ಟಿಸಿದ್ದನ್ನೂ, ರಟ್ಟರ ಅರಸ ಕಾರ್ತವೀರ್ಯನ ಸಮ್ಮುಖದಲ್ಲಿ ದಾನ ನಡೆದದ್ದನ್ನೂ, ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರ ಸಂಬಂಧವನ್ನೂ ಹೇಳುತ್ತದೆ. ಬಸವಣ್ಣನವರ ಜನನಕ್ಕೆ ಕೆಲವೇ ವರ್ಷಗಳ ಹಿಂದಿನ ನಮ್ಮ ಸೀಮೆ ಹೇಗಿತ್ತೆಂಬುದಕ್ಕೆ ಇದು ಕಣ್ಣೆದುರಿನ ಪುರಾವೆ. ಅದೇ ಊರಿನಲ್ಲಿ ಅಲ್ಲಮಪ್ರಭುದೇವರ ಗುಡಿಯೂ ಇದೆ. ಜಿನನ ಬಸದಿ, ಪ್ರಭುವಿನ ಗುಡಿ ಎರಡನ್ನೂ ಒಂದೇ ಊರು ತನ್ನದೆಂದು ಕಾಪಾಡಿಕೊಂಡು ಬಂದಿದೆ. ಈ ಸಂಗತಿಯನ್ನು ತೇರದಾಳದ ದಾರಿಯಲ್ಲಿಯೇ ದಿನನಿತ್ಯ ಓಡಾಡುವ ನಮ್ಮ ಮಕ್ಕಳೆಷ್ಟು ಜನ ಬಲ್ಲರು?

ದರ್ಶನಯೋಗ್ಯವಾದುದೆಲ್ಲ ಗುಡಿಯೇ ಆಗಬೇಕಾಗಿಲ್ಲ. ಬೀಳಗಿಯ ಆರೆತ್ತಿನ ಬಾವಿಯು ಆರು ಎತ್ತುಗಳನ್ನು ಹೂಡಿ ನೀರೆತ್ತುತ್ತಿದ್ದ ಕಾಲದ ಹೆಸರನ್ನೇ ಹೊತ್ತು ನಿಂತಿದೆ. ಬರದ ನಾಡಿನಲ್ಲಿ ನೀರಿನ ಮೇಲಿನ ಭಕ್ತಿ ಎಂತಹದೆಂಬುದನ್ನು ಅಂತಹ ಬಾವಿ ಕಲಿಸುವಷ್ಟು ಗ್ರಂಥ ಕಲಿಸಲಾರದು. ಜಮಖಂಡಿಯ ರಾಮತೀರ್ಥದ ಅರಮನೆಯು ೧೯೪೮ರಲ್ಲಿ ಭಾರತದೊಡನೆ ವಿಲೀನವಾದ ಪಟವರ್ಧನ ಸಂಸ್ಥಾನದ ನೆನಪು. ಮುಧೋಳದ ಸಮೀಪದ ಹಲಗಲಿಯಾದರೋ ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಆಂಗ್ಲರನ್ನು ಎದುರಿಸಿ ಮಡಿದ ಬೇಡರ ಊರು. ಗೋಪುರವಿಲ್ಲದ ತೀರ್ಥಕ್ಷೇತ್ರವದು.

ಒಂದು ಬೆಟ್ಟ, ಮೂರು ಮತ

ಮನೆಯಂಗಳವನ್ನು ಕಂಡ ಬಳಿಕ ಮಲಪ್ರಭೆಯ ದಡಕ್ಕೆ ಹೋಗಬಹುದು. ಐಹೊಳೆ, ಪಟ್ಟದಕಲ್ಲು, ಬಾದಾಮಿಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಐಹೊಳೆಯಿಂದ ಪಟ್ಟದಕಲ್ಲಿಗೆ ಸುಮಾರು ೧೩ ಕಿಲೋಮೀಟರು, ಅಲ್ಲಿಂದ ಬಾದಾಮಿಗೆ ಸುಮಾರು ೨೨ ಕಿಲೋಮೀಟರು. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವುದು ವಾಡಿಕೆ. ನನ್ನ ಸೂಚನೆಯೆಂದರೆ, ಸಮಯ ಸಾಲದಿದ್ದರೆ ಮೂರರಲ್ಲಿ ಒಂದನ್ನು ಮಾತ್ರ ನೋಡಿ. ಆ ಒಂದು ಐಹೊಳೆಯಾಗಲಿ.

ಏಕೆಂದರೆ ಐಹೊಳೆಯ ಮೇಗುಟಿ ಬೆಟ್ಟವು ಬೇರಾವ ಪುಸ್ತಕವೂ ಹೇಳಿಕೊಡದ ಒಂದು ಪಾಠವನ್ನು ಹೇಳಿಕೊಡುತ್ತದೆ. ಬೆಟ್ಟದ ಕೆಳಗೆ ಊರಿನ ತುಂಬ ಶೈವ, ವೈಷ್ಣವ, ಸೌರ ದೇಗುಲಗಳು. ಮೆಟ್ಟಿಲೇರುತ್ತ ಹೋದರೆ, ಬೆಟ್ಟದ ಮೇಲ್ಭಾಗಕ್ಕೆ ಸ್ವಲ್ಪ ಕೆಳಗೆ, ಎರಡು ಅಂತಸ್ತುಗಳ ಬೌದ್ಧ ಚೈತ್ಯಾಲಯ. ಅದರ ಒಂದಂಶವನ್ನು ಬಂಡೆಯಲ್ಲಿ ಕೊರೆದಿದ್ದಾರೆ, ಇನ್ನೊಂದಂಶವನ್ನು ಕಲ್ಲಿನಿಂದ ಕಟ್ಟಿದ್ದಾರೆ. ಮೇಲಂತಸ್ತಿನ ಮೊಗಸಾಲೆಯ ಚಾವಣಿಯಲ್ಲಿ ಬುದ್ಧನ ಉಬ್ಬುಶಿಲ್ಪವಿದೆ, ಬಾಗಿಲುವಾಡದಲ್ಲಿ ಕಥಾಶಿಲ್ಪಗಳಿವೆ. ತಲೆ ಭಿನ್ನವಾದ ಬುದ್ಧವಿಗ್ರಹವೊಂದು ಅಲ್ಲಿಯೇ ಇದೆ. ಇನ್ನೂ ಮೇಲೇರಿದರೆ ಬೆಟ್ಟದ ನೆತ್ತಿಯಲ್ಲಿ ಜೈನ ದೇಗುಲ. ಮೇಲಣ ಗುಡಿಯಾದ್ದರಿಂದ ಜನರ ಬಾಯಲ್ಲಿ ಅದು ‘ಮೇಗುಟಿ’ಯಾಯಿತು.

ಈ ಮೇಗುಟಿಯ ಗೋಡೆಯ ಮೇಲಿರುವುದೇ ಇಮ್ಮಡಿ ಪುಲಕೇಶಿಯ ಸುಪ್ರಸಿದ್ಧ ಪ್ರಶಸ್ತಿ. ಜೈನಕವಿ ರವಿಕೀರ್ತಿಯು ಶಕ ೫೫೬ರಲ್ಲಿ, ಎಂದರೆ ಕ್ರಿ.ಶ. ೬೩೪-೩೫ರಲ್ಲಿ, ಸಂಸ್ಕೃತದಲ್ಲಿ ರಚಿಸಿ ಹಳೆಯ ಕನ್ನಡ ಲಿಪಿಯಲ್ಲಿ ಬರೆಯಿಸಿದ ಈ ಕಾವ್ಯದಲ್ಲಿ ಉತ್ತರಾಪಥದ ಹರ್ಷನನ್ನು ತಡೆದ ಪ್ರಸಂಗವಿದೆ. ಕಾಳಿದಾಸ, ಭಾರವಿಗಳ ಹೆಸರುಗಳೂ ಇಲ್ಲಿ ಬರುವುದರಿಂದ, ಆ ಕವಿಗಳ ಕಾಲನಿರ್ಣಯಕ್ಕೆ ಈ ಕಲ್ಲೇ ಆಧಾರವಾಗಿದೆ. ಭಾರತ ಸಾಹಿತ್ಯಚರಿತ್ರೆಯ ಒಂದು ಕೀಲಿಕೈ ನಮ್ಮ ಜಿಲ್ಲೆಯ ಒಂದು ಬೆಟ್ಟದ ತುದಿಯಲ್ಲಿದೆ ಎಂಬುದು ಮಕ್ಕಳಿಗೆ ತಿಳಿಯಬೇಡವೇ?

ಬೌದ್ಧ, ಜೈನ, ವೈದಿಕ ಮೂರೂ ಮತಗಳವರು ಒಂದೇ ಬೆಟ್ಟದ ಒಂದೇ ಕಲ್ಲನ್ನು ಕಡೆದರು. ಶೈಲಿಯಲ್ಲಿ ಒಬ್ಬರಿಂದೊಬ್ಬರು ಕಲಿತರು. ಇದಕ್ಕೆ ಸಾಕ್ಷಿ ಕೆಳಗಿನ ‘ದುರ್ಗಗುಡಿ’. ಅದರ ಹಿಂಬದಿ ಆನೆಯ ಬೆನ್ನಿನಂತೆ ದುಂಡಾಗಿದೆ. ಗಜಪೃಷ್ಠವೆಂದು ಶಿಲ್ಪಶಾಸ್ತ್ರ ಕರೆಯುವ ಈ ಆಕಾರ ಬೌದ್ಧ ಚೈತ್ಯಗಳಲ್ಲಿ ವಿಶೇಷವಾಗಿ ಕಾಣುವಂಥದು. ಇನ್ನು ಹೆಸರಿನ ವಿಷಯ: ಇದು ದುರ್ಗಾದೇವಿಯ ಗುಡಿಯೆಂದು ಬಗೆದು ಕೈಮುಗಿಯುವವರು ಅನೇಕರು. ವಾಸ್ತವವಾಗಿ ಇಲ್ಲಿ ‘ದುರ್ಗ’ವೆಂದರೆ ಕೋಟೆ. ಹಿಂದೊಮ್ಮೆ ಕೋಟೆಯ ಭಾಗವಾಗಿದ್ದರಿಂದ ಆ ಹೆಸರು. ಮೂಲತಃ ಸೂರ್ಯನಿಗೆ ಎತ್ತಿಸಿದ ಗುಡಿಯೆಂದು ಶಾಸನಾಧಾರದಿಂದ ವಿದ್ವಾಂಸರು ನಿರ್ಣಯಿಸಿದ್ದಾರೆ. ಹಾಗೆಯೇ ‘ಲಾಡಖಾನ ಗುಡಿ’ಗೆ ಆ ಹೆಸರು ಬಂದದ್ದು ಒಮ್ಮೆ ಅದರಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ಹೆಸರನ್ನು ನಂಬಿ ನೋಡಬಾರದು, ನೋಡಿ ಹೆಸರನ್ನು ಪರೀಕ್ಷಿಸಬೇಕು. ಇದು ಗುಡಿಗಳಿಗಷ್ಟೇ ಅನ್ವಯಿಸುವ ಪಾಠವಲ್ಲ.

ವರ್ತಕ ಬಾಂಧವರು ಗಮನಿಸಬೇಕಾದ ಸಂಗತಿಯೊಂದುಂಟು. ಈ ಐಹೊಳೆಯೇ ಶಾಸನಗಳ ಅಯ್ಯಾವೊಳೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವೀರಬಣಂಜು ವರ್ತಕ ಸಂಘದ ಕೀರ್ತಿ ದಕ್ಷಿಣಾಪಥದ ತುಂಬ ಹಬ್ಬಿತ್ತು. ತೇರದಾಳದ ಶಾಸನಗಳಲ್ಲಿಯೂ ಅವರ ಪ್ರಸ್ತಾಪ ಬರುತ್ತದೆ. ಮತ ಯಾವುದಾದರೂ ಧರ್ಮಕಾರ್ಯಕ್ಕೆ ತಮ್ಮ ಸರಕಿನ ಮೇಲೆ ಇಷ್ಟೆಂದು ಸುಂಕವನ್ನು ತಾವಾಗಿಯೇ ವಿಧಿಸಿಕೊಂಡು ಕೊಡುವುದು ಆ ಕಾಲದ ವರ್ತಕರ ಪದ್ಧತಿಯಾಗಿತ್ತು.

ಗೆದ್ದವನ ಔದಾರ್ಯ

ಬಾದಾಮಿಯ ಗುಹೆಗಳನ್ನು ಕುರಿತು ಬರೆದವರು ಬಹಳ. ಮೊದಲನೆಯದು ಶೈವ, ಎರಡು, ಮೂರನೆಯವು ವೈಷ್ಣವ, ನಾಲ್ಕನೆಯದು ಜೈನ. ಮೂರನೆಯದರಲ್ಲಿ ಮಂಗಲೇಶನ ಕ್ರಿ.ಶ. ೫೭೮ರ ಶಾಸನವಿದೆ. ನಡುವೆ ಒಂದು ಸ್ವಾಭಾವಿಕ ಗವಿಯಲ್ಲಿ ಬೌದ್ಧಶಿಲ್ಪದ ಕುರುಹುಂಟು. ಅವಸರದ ಯಾತ್ರಿಕರು ಅದನ್ನು ಕಾಣದೆಯೇ ಮುಂದೆ ಹೋಗುತ್ತಾರೆ. ಕೆರೆಯಾಚೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯ ಅತಿ ಪ್ರಾಚೀನ ರೂಪ ದೊರೆಯುವುದು ಕನ್ನಡ ಬೋಧಿಸುವವರಿಗೆಲ್ಲ ಗೊತ್ತಿರುವ ವಿಷಯ. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದ ಮಟ್ಟು ೧೩೦೦ ವರ್ಷಗಳಷ್ಟು ಹಿಂದೆಯೇ ಬಂಡೆಗೇರಿತ್ತೆಂದು ಮಕ್ಕಳಿಗೆ ಅಲ್ಲಿಯೇ ನಿಲ್ಲಿಸಿ ಹೇಳಬೇಕು.

ಆದರೆ ಬಾದಾಮಿ ಮತ್ತು ಪಟ್ಟದಕಲ್ಲುಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಹೊಳೆಯುವ ಒಂದು ಕಥೆಯಿದೆ. ಕ್ರಿ.ಶ. ೬೪೨ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು, ತನ್ನ ವಿಜಯವನ್ನು ಅಲ್ಲಿಯ ಬಂಡೆಯ ಮೇಲೆಯೇ ಬರೆಯಿಸಿದನು. ಸುಮಾರು ನೂರು ವರ್ಷಗಳ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕನು. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಸಮಯ ಬೇಕೆ? ಆದರೆ ಅವನು ನಗರವನ್ನು ಹಾಳುಗೆಡವಲಿಲ್ಲ. ಅಲ್ಲಿಯ ರಾಜಸಿಂಹೇಶ್ವರ ದೇಗುಲದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಒಪ್ಪಿಸಿದನು. ಆ ಸಂಗತಿಯನ್ನು ಹೇಳುವ ಕನ್ನಡ ಶಾಸನ ಇಂದಿಗೂ ಕಂಚಿಯ ಆ ದೇಗುಲದಲ್ಲಿದೆ. ಅವನ ರಾಣಿ ಲೋಕಮಹಾದೇವಿಯು ಆ ವಿಜಯದ ನೆನಪಿಗಾಗಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ. ಕಂಚಿಯ ಶೈಲಿಯ ಛಾಯೆ ಅದರಲ್ಲಿ ಸ್ಪಷ್ಟವಾಗಿದೆ. ಗೆದ್ದವನು ಸೋತವನಿಂದ ಕಲಿತದ್ದಕ್ಕೆ ಇದಕ್ಕಿಂತ ಸುಂದರವಾದ ಸ್ಮಾರಕ ಇನ್ನೊಂದಿರಲಾರದು. ಅದನ್ನು ನಿರ್ಮಿಸಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ, ಅವನಿಗೆ ಸಂದ ಮನ್ನಣೆಯನ್ನೂ ಶಾಸನ ದಾಖಲಿಸಿದೆ. ಕಾಯಕವೇ ಕೈಲಾಸವೆಂದು ನಂಬಿದ ನಮಗೆ, ಅರಸನ ಹೆಸರಿನೊಡನೆ ಕಲ್ಲುಕುಟಿಗನ ಹೆಸರೂ ನಿಂತಿರುವುದು ವಿಶೇಷ ಹರ್ಷದ ವಿಷಯ. ಪಟ್ಟದಕಲ್ಲಿನ ಸ್ಮಾರಕಗಳನ್ನು ಯುನೆಸ್ಕೋ ಸಂಸ್ಥೆಯು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ಬೌದ್ಧರ ಜಾಡು

ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಏಳನೆಯ ಶತಮಾನದಲ್ಲಿ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿ, ಅಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳಿದ್ದುವೆಂದು ಬರೆದಿದ್ದಾನೆ. ಇಂದು ನಮ್ಮ ಸೀಮೆಯಲ್ಲಿ ಬೌದ್ಧಧರ್ಮದ ಹೆಸರೇ ಅಪರೂಪ. ಅದು ಎಲ್ಲಿ ಹೋಯಿತೆಂದು ಕೇಳುವ ಚುರುಕು ವಿದ್ಯಾರ್ಥಿಗೆ ಎರಡು ಸ್ಥಳಗಳನ್ನು ತೋರಿಸಬೇಕು.

ಮೊದಲನೆಯದು ಗದಗ ಜಿಲ್ಲೆಯ ಡಂಬಳ. ಅಲ್ಲಿಯ ದೊಡ್ಡಬಸಪ್ಪನ ಗುಡಿಯನ್ನು, ಅದರ ನಕ್ಷತ್ರಾಕಾರದ ತಳವಿನ್ಯಾಸವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅದೇ ಊರಿನ ಕ್ರಿ.ಶ. ೧೦೯೫ರ ಶಾಸನವು ಬುದ್ಧವಿಹಾರವನ್ನೂ ತಾರಾದೇವಿಯ ವಿಹಾರವನ್ನೂ ಕುರಿತು ಹೇಳುತ್ತದೆ. ಮೊದಲನೆಯದನ್ನು ಕಟ್ಟಿಸಿದವರು ಆ ಊರಿನ ಹದಿನಾರು ಮಂದಿ ಶೆಟ್ಟಿಗಳು. ಇನ್ನೊಂದನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ, ಎಂದರೆ ಲಕ್ಕುಂಡಿಯ, ಒಬ್ಬ ಶೆಟ್ಟಿ. ಅತ್ತಿಮಬ್ಬೆಯ ಜಿನಾಲಯವಿದ್ದ ಊರಿನಿಂದಲೇ, ಒಂದು ಶತಮಾನದೊಳಗೆ, ಬೌದ್ಧವಿಹಾರಕ್ಕೆ ಧನ ಹರಿದು ಬಂದಿತ್ತು. ಬಸವಯುಗಕ್ಕೆ ಕೆಲವೇ ದಶಕಗಳ ಹಿಂದೆ ಬೌದ್ಧರು ನಮ್ಮ ನಡುವೆ ವ್ಯಾಪಾರಿಗಳಾಗಿ, ದಾನಿಗಳಾಗಿ ಬಾಳುತ್ತಿದ್ದರೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಕಲಬುರಗಿ ಜಿಲ್ಲೆಯಲ್ಲಿ ಭೀಮಾತೀರದ ಸನ್ನತಿ. ಅಲ್ಲಿಯ ಚಂದ್ರಲಾಂಬಾ ಕ್ಷೇತ್ರಕ್ಕೆ ನಮ್ಮ ಕಡೆಯ ಭಕ್ತರೂ ನಡೆದುಕೊಳ್ಳುತ್ತಾರೆ. ೧೯೮೬ರಲ್ಲಿ ಆ ಆವರಣದ ಕಾಳಿಗುಡಿಯ ಚಾವಣಿ ಕುಸಿಯಿತು. ಅವಶೇಷಗಳನ್ನು ಸರಿಸಿ ನೋಡಿದಾಗ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಅಕ್ಷರಗಳು ಕಾಣಿಸಿದವು. ಅದು ಸಾಮ್ರಾಟ ಅಶೋಕನ ಧರ್ಮಶಾಸನ! ವಿಗ್ರಹವನ್ನು ನಿಲ್ಲಿಸಲೆಂದು ನಡುವೆ ಕೊರೆದ ರಂಧ್ರದಲ್ಲಿ ಕೆಲವು ಅಕ್ಷರಗಳು ಹೋಗಿದ್ದುವು. ಆ ಕಲ್ಲಿನ ಮೇಲಿರುವವುಗಳಲ್ಲಿ ಅಶೋಕನ ಹನ್ನೆರಡನೆಯ ಬಂಡೆಶಾಸನವೂ ಒಂದು. ಅದರ ತಾತ್ಪರ್ಯವಾದರೋ ಇದು: ತನ್ನ ಮತವನ್ನು ಹೊಗಳಿಕೊಳ್ಳಲು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ತರುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯುವುದೇ ಲೇಸು. ಎಷ್ಟೋ ತಲೆಮಾರುಗಳ ಭಕ್ತರು ಈ ಉಪದೇಶದ ಮುಂದೆಯೇ ನಿಂತು ಆರತಿ ಬೆಳಗಿದರು, ಆದರೆ ಅದನ್ನು ಓದುವವರಿರಲಿಲ್ಲ. ಅನಂತರ ಸಮೀಪದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ‘ರಾಯೋ ಅಸೋಕೋ’ ಎಂಬ ಹೆಸರಿನ ಸಮೇತ ಅಶೋಕನ ಶಿಲ್ಪವೂ ಬೆಳಕಿಗೆ ಬಂದುವು.

ಇದರಿಂದ ಯಾರನ್ನೂ ನಿಂದಿಸಬೇಕಾಗಿಲ್ಲ. ಹಳೆಯ ಕಲ್ಲನ್ನು ಹೊಸ ಗುಡಿಗೆ ಬಳಸುವುದು ಎಲ್ಲ ಮತಗಳವರೂ ಎಲ್ಲ ಕಾಲದಲ್ಲಿಯೂ ಮಾಡಿದ ಕೆಲಸ. ಆದರೆ ಓದಲು ಬಾರದಿದ್ದಾಗ ಎಂತಹ ನಿಧಿಯೂ ಬರಿಯ ಹಾಸುಗಲ್ಲಾಗುತ್ತದೆ ಎಂಬ ಎಚ್ಚರ ನಮಗಿರಬೇಕು.

ನೋಡುವ ಕ್ರಮ

ಅಧ್ಯಾಪಕರ ಉಪಯೋಗಕ್ಕಾಗಿ ಕೆಲವು ವ್ಯಾವಹಾರಿಕ ಸೂಚನೆಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತೇನೆ.

೧. ಹೊರಡುವ ಮುನ್ನ ಒಂದು ವಾರ ಆ ಸ್ಥಳವನ್ನು ಕುರಿತು ತರಗತಿಯಲ್ಲಿ ಪಾಠವಾಗಬೇಕು. ನಕ್ಷೆಯಲ್ಲಿ ನದಿ, ಬೆಟ್ಟ, ಹಳೆಯ ದಾರಿಗಳನ್ನು ಗುರುತಿಸಬೇಕು. ಗುಡಿ ಅಲ್ಲಿಯೇ ಏಕೆ ಎದ್ದಿತೆಂಬ ಪ್ರಶ್ನೆಗೆ ನೀರು, ಕಲ್ಲು, ವ್ಯಾಪಾರ ಈ ಮೂರರಲ್ಲಿ ಉತ್ತರ ಸಿಗುತ್ತದೆ.

೨. ಗುಡಿಯನ್ನು ಕಂಡೊಡನೆ ಒಳಗೆ ನುಗ್ಗಬಾರದು. ಮೊದಲು ಹೊರಗೆ ಒಂದು ಸುತ್ತು ಬರಬೇಕು. ಅಧಿಷ್ಠಾನ, ಭಿತ್ತಿ, ಶಿಖರ ಎಂದು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಪಟ್ಟದಕಲ್ಲಿನಲ್ಲಿ ಬಾಗಿದ ರೇಖೆಯ ನಾಗರ ಶಿಖರದ ಗಳಗನಾಥವೂ, ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರದ ವಿರೂಪಾಕ್ಷವೂ ಒಂದೇ ಆವರಣದಲ್ಲಿರುವುದರಿಂದ ಆ ಭೇದವನ್ನು ಮಕ್ಕಳಿಗೆ ತಿಳಿಸುವುದು ಅತಿ ಸುಲಭ.

೩. ಶಾಸನವನ್ನು ಕಂಡರೆ ಮೊದಲು ಅದರ ನೆತ್ತಿಯನ್ನು ನೋಡಬೇಕು. ಲಿಂಗ, ನಂದಿ ಇದ್ದರೆ ಶೈವ. ಮುಕ್ಕೊಡೆಯ ಕೆಳಗೆ ಕುಳಿತ ಜಿನನಿದ್ದರೆ ಜೈನ. ಸೂರ್ಯಚಂದ್ರರಿದ್ದರೆ, ಅವರಿರುವವರೆಗೂ ಈ ದತ್ತಿ ನಡೆಯಲೆಂಬ ಆಶಯ. ಬಳಿಕ ಸ್ತುತಿ, ಅರಸನ ಬಿರುದು, ಕಾಲ, ದಾನಿ, ದತ್ತಿಯ ವಿವರ, ಕೊನೆಗೆ ಕೆಡಿಸಿದವರಿಗೆ ಶಾಪ. ಈ ಚೌಕಟ್ಟು ತಿಳಿದರೆ, ಲಿಪಿ ಬಾರದ ಮಗುವಿಗೂ ಶಾಸನ ಅಪರಿಚಿತವೆನಿಸದು.

೪. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವಸನ್ನಿಧಿ. ದನಗಳ ಸಾಲು ಕೆತ್ತಿದ್ದರೆ ತುರುಗಾಳಗದಲ್ಲಿ ಮಡಿದವನೆಂದು ತಿಳಿಯಬೇಕು.

೫. ಪೂಜೆ ನಡೆಯುವ ಗುಡಿಯಲ್ಲಿ ಅಲ್ಲಿಯ ನಿಯಮವನ್ನು ಪಾಲಿಸಬೇಕು. ಪೂಜೆ ನಿಂತ ಬೌದ್ಧ ಚೈತ್ಯದಲ್ಲಿಯೂ ಜೈನ ಬಸದಿಯಲ್ಲಿಯೂ ಅದೇ ಗೌರವವಿರಬೇಕು. ದೀಪವಿಲ್ಲದ ಗುಡಿಯಲ್ಲಿ ಕೂಗಾಡಬಹುದೆಂಬ ಭಾವನೆ ಬೇಡ.

೬. ಕಲ್ಲಿನ ಮೇಲೆ ಹೆಸರು ಕೆತ್ತುವುದು, ಸೀಮೆಸುಣ್ಣ ತಿಕ್ಕುವುದು, ಶಿಲ್ಪದ ಮೇಲೆ ಏರಿ ಕುಳಿತು ಭಾವಚಿತ್ರ ತೆಗೆಸಿಕೊಳ್ಳುವುದು ಇವೆಲ್ಲ ವರ್ಜ್ಯ. ಕೇಂದ್ರ ಸರಕಾರದ ೧೯೫೮ರ ಸ್ಮಾರಕ ರಕ್ಷಣಾ ಕಾಯಿದೆಯಂತೆ ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದು ಶಿಕ್ಷಾರ್ಹ ಅಪರಾಧವೂ ಹೌದು.

೭. ಮರಳಿ ಬಂದ ಬಳಿಕ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಕಣ್ಣಾರೆ ಕಂಡ ಒಂದೇ ಒಂದು ವಸ್ತುವನ್ನು ಕುರಿತು ಒಂದು ಪುಟ ಬರೆಯಬೇಕು. ಹತ್ತು ಊರುಗಳ ಪಟ್ಟಿಗಿಂತ ಒಂದು ಕಂಬದ ವರ್ಣನೆ ಮೇಲು.

ಜೀರ್ಣೋದ್ಧಾರದ ವಿವೇಕ

ಕೊನೆಯದಾಗಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ನಮ್ಮ ನಾಡಿನಲ್ಲಿ ಕಲ್ಲುಗಳಿಗೆ ಒದಗುವ ಹಾನಿ ಎರಡು ಬಗೆ. ಒಂದು ಅನಿವಾರ್ಯವಾದುದು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಹಲವು ಹಳ್ಳಿಗಳನ್ನೂ ಬಾಗಲಕೋಟೆಯ ಹಳೆಯ ಊರಿನ ಭಾಗವನ್ನೂ ನುಂಗಿತು. ಹೊಲಗಳಿಗೆ ನೀರು ಬಂದಿತು, ನಿಜ. ಆದರೆ ಊರು ಬಿಟ್ಟವರು ತಮ್ಮ ಗುಡಿಗಳನ್ನು, ಕಟ್ಟೆಗಳನ್ನು ನೀರಿನಲ್ಲಿ ಬಿಟ್ಟು ಬಂದರು. ಕೂಡಲಸಂಗಮದಲ್ಲಿ ಮಾತ್ರ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿ, ನೀರಿನ ನಡುವೆಯೇ ಅದನ್ನು ಉಳಿಸಿಕೊಳ್ಳಲಾಯಿತು. ಮನಸ್ಸು ಮಾಡಿದರೆ ಉಳಿಸಬಹುದೆಂಬುದಕ್ಕೆ ಅದೇ ದೃಷ್ಟಾಂತ.

ಇನ್ನೊಂದು ಬಗೆಯ ಹಾನಿ ನಮ್ಮ ಭಕ್ತಿಯಿಂದಲೇ ಆಗುವಂಥದು. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಹಳೆಯ ಕಂಬಗಳನ್ನು ಕಿತ್ತು ಹೊಸ ನುಣುಪುಗಲ್ಲನ್ನು ಹಾಸುವುದು, ಶಾಸನದ ಮೇಲೆ ಸುಣ್ಣ ಬಳಿಯುವುದು, ಶಿಲ್ಪಗಳಿಗೆ ಬಣ್ಣದ ಎಣ್ಣೆ ಹಚ್ಚುವುದು ಈಚೆಗೆ ಹಳ್ಳಿಹಳ್ಳಿಗಳಲ್ಲಿ ನಡೆದಿದೆ. ಕೊಟ್ಟವರ ಮನಸ್ಸು ಶುದ್ಧವಾದುದೇ. ಆದರೆ ಪರಿಣಾಮ ವಿಪರೀತ. ಎಂಟುನೂರು ವರ್ಷಗಳ ಹಿಂದಿನ ದಾನಿಯ ಹೆಸರನ್ನು ಅಳಿಸಿ ಇಂದಿನ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿದರೆ, ನಾಳೆ ಬರುವವನು ನಮ್ಮ ಹೆಸರನ್ನು ಉಳಿಸುವನೆಂಬ ಭರವಸೆಯಾದರೂ ಏನು? ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಉದ್ಧಾರ, ಕಿತ್ತು ಬಿಸಾಡುವುದಲ್ಲ. ಯಾವ ಹಳೆಯ ಗುಡಿಗೆ ಕೈ ಹಚ್ಚುವ ಮುನ್ನವೂ ಪುರಾತತ್ತ್ವ ಇಲಾಖೆಯವರನ್ನು ಕೇಳಿ, ಅಲ್ಲಿಯ ಅಕ್ಷರಗಳನ್ನು ಬಲ್ಲವರಿಂದ ಪ್ರತಿ ಮಾಡಿಸಿ, ಭಾವಚಿತ್ರ ತೆಗೆಸಿ ಇಡುವುದು ಅತ್ಯವಶ್ಯ.

ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿಯೆಂದು ಸ್ಮರಿಸುವುದು ಬಸದಿಯನ್ನು ಕಟ್ಟಿಸಿದ್ದಕ್ಕಾಗಿ ಮಾತ್ರವಲ್ಲ. ಪೊನ್ನನ ಶಾಂತಿಪುರಾಣ ನಶಿಸಿ ಹೋಗದಂತೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದಕ್ಕಾಗಿಯೂ ಅವಳು ಪೂಜ್ಯಳು. ಹೊಸದನ್ನು ಕಟ್ಟುವ ದಾನವೂ ಇರಲಿ. ಇದ್ದುದನ್ನು ಉಳಿಸುವ ದಾನವೂ ಇರಲಿ. ಪ್ರತಿವರ್ಷ ಒಂದು ತರಗತಿಯ ಮಕ್ಕಳು ತಮ್ಮ ತಾಲೂಕಿನ ಒಂದು ಊರಿಗೆ ಹೋಗಿ, ಅಲ್ಲಿಯ ಶಾಸನ, ವೀರಗಲ್ಲು, ಬಾವಿ, ಗುಡಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಲು ತಗಲುವ ವೆಚ್ಚ ಅತ್ಯಲ್ಪ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅವರಿಗೆ ದಾರಿ ತೋರಿಸಿ, ಒಂದು ಹೊತ್ತಿನ ದಾಸೋಹ ನಡೆಯಿಸಿದರೆ ಸಾಕು. ಹತ್ತು ವರ್ಷಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸಾಂಸ್ಕೃತಿಕ ಕೋಶವೊಂದು ನಮ್ಮ ಮಕ್ಕಳ ಕೈಯಿಂದಲೇ ಸಿದ್ಧವಾದೀತು.

ಅಂತಹ ಕಾರ್ಯಕ್ಕೆ ಶ್ರೀಮಠದ ಆಶೀರ್ವಾದ, ಅಧ್ಯಾಪಕರ ಪರಿಶ್ರಮ, ದಾನಿಗಳ ಔದಾರ್ಯ ಮೂರೂ ಕೂಡಿ ಬರಲೆಂದು ಹಾರೈಸಿ ವಿರಮಿಸುತ್ತೇನೆ.